ಊರಿನ ಫುಟ್‌ಬಾಲ್ ತಂಡದ ಹುಚ್ಚು ಮಕ್ಕಳಿಗೆ ಹತ್ತಿಸೋದು ಹೇಗೆ?

ನೀವು ಕೇಳಿದ್ದು ಇಷ್ಟು. ಚಿಕ್ಕಂದಿನಲ್ಲಿ ಅಪ್ಪನ ಸೈಕಲ್ ಕ್ಯಾರಿಯರ್ ಮೇಲೆ ಕೂತು ಊರ ತಂಡದ ಮ್ಯಾಚ್ ನೋಡೋಕೆ ಹೋಗ್ತಿದ್ರಿ. ಈಗ ನಿಮ್ಮ ಹತ್ತು ವರ್ಷದ ಮಗನಿಗೆ ಮ್ಯಾಂಚೆಸ್ಟರ್, ಮ್ಯಾಡ್ರಿಡ್ ಬಿಟ್ಟರೆ ಬೇರೆ ಊರು ಬೇಡ. ಮೈದಾನಕ್ಕೆ ಕರೆದುಕೊಂಡು ಹೋದರೆ ಕಾರಿನಿಂದ ಇಳಿಯದೆ ಮೊಬೈಲ್ ನೋಡ್ತಾನೆ. ಅವನಿಗೆ ಊರ ತಂಡದ ಮೇಲೆ ಪ್ರೀತಿ ಬರಿಸೋದು ಹೇಗೆ ಅಂತ.

ನಾನು ಭದ್ರಾವತಿಯವನು, ಈಗ ಇರೋದು ಶಿವಮೊಗ್ಗದಲ್ಲಿ. ಇದೇ ಕೆಲಸವನ್ನು ಎರಡು ಮೂರು ವರ್ಷ ಕೆಟ್ಟದಾಗಿ ಮಾಡಿದವನು, ಹಾಗಾಗಿ ಉತ್ತರ ಬರೆಯುವ ಅರ್ಹತೆ ಇದೆ ಅಂದುಕೊಂಡಿದ್ದೇನೆ.

ನಮ್ಮಪ್ಪ ಕಬ್ಬಿಣದ ಕಾರ್ಖಾನೆಯಲ್ಲಿದ್ದರು. ಬೆಂಕಿಪುರ ಅಂತಿದ್ದ ಊರಿನ ಚಹರೆಯನ್ನೇ ಬದಲಿಸಿದ, 1923ರಲ್ಲಿ ಮೊದಲ ಕಬ್ಬಿಣ ಕರಗಿಸಿದ ಕಾರ್ಖಾನೆ. ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡಿನಿಂದ ಇದ್ದಿಲು, ತಮಿಳುನಾಡು, ಕೇರಳ, ಆಂಧ್ರದಿಂದ ಜನ. ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ನಾಲ್ಕು ಭಾಷೆ ಇತ್ತು, ಸಂಜೆ ನಾಲ್ಕರ ಮೇಲೆ ಎಲ್ಲರದ್ದೂ ಒಂದೇ ಆಟ. ಫಸ್ಟ್ ಶಿಫ್ಟ್ ಮುಗಿಸಿ ಬಂದವರು ಕಾಫಿ ಕುಡಿದು ಸೀದಾ ಮೈದಾನಕ್ಕೆ. ಆರಿದ್ರಾ ಮಳೆ ಹಿಡೀತು ಅಂದರೆ ಕ್ರಿಕೆಟ್ ಬ್ಯಾಟು ಅಟ್ಟ ಸೇರುತ್ತಿತ್ತು, ಫುಟ್‌ಬಾಲಿಗೆ ಆಗಲೇ ಕಳೆ. ಕೆಸರಲ್ಲಿ ಜಾರಿ ಗೋಲಿ (ಗೋಲ್‌ಕೀಪರ್) ಒಳಗೆ ಚೆಂಡು ಹೊರಗೆ, ಅಥವಾ ಚೆಂಡು ಒಳಗೆ ಗೋಲಿ ಹೊರಗೆ. ನೋಡೋಕೆ ನಿಂತವರ ಕೊಡೆಗಳದ್ದೇ ಒಂದು ಕಪ್ಪು ಬೇಲಿ.

ಈ ನೆನಪುಗಳೇ ನಾನು ಮಾಡಿದ ಮೊದಲ ತಪ್ಪು. ನನ್ನ ಮಗನಿಗೆ ಎಂಟು ವರ್ಷವಾದಾಗಿನಿಂದ ಇದನ್ನೇ ಹೇಳಿದೆ. ನಿಮ್ಮಜ್ಜ ಹಾಗೆ, ನಮ್ಮ ಬ್ಯಾಕ್ ಆಡುವವ ಹೀಗೆ, ಫೈನಲ್ ದಿನ ಮರದ ಮೇಲೆಲ್ಲ ಜನ. ಅವನು ಕೇಳಿಸಿಕೊಂಡ, ಪಾಪ. ಪಂಚತಂತ್ರ ಕೇಳಿದ ಹಾಗೆ. ಕತೆ ಚೆನ್ನಾಗಿತ್ತು, ಅವನದ್ದಾಗಿರಲಿಲ್ಲ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಾಗ ನಾನು ಮನೆಯಲ್ಲಿ ಕುಣಿದಾಡಿದೆ. 54 ವರ್ಷ ಆಗಿತ್ತು ಮಾರಾಯ್ರೆ, ಅದಕ್ಕೂ ಮುಂಚೆ ಗೆದ್ದಿದ್ದು 1968-69ರಲ್ಲಿ, ರಾಜ್ಯದ ಹೆಸರು ಇನ್ನೂ ಮೈಸೂರು ಅಂತಿದ್ದಾಗ. ನಮ್ಮಪ್ಪ ಹಾಸಿಗೆಯಿಂದಲೇ "ಮೈಸೂರು ಗೆದ್ದಿತೇನೋ?" ಅಂತ ಕೂಗಿದರು. ನನ್ನ ಮಗ ನಮ್ಮಿಬ್ಬರ ಮುಖ ನೋಡಿ, "ಯಾರು ಮೈಸೂರಿನವರು?" ಅಂತ ಕೇಳಿ ಒಳಗೆ ಹೋದ.

ಎರಡನೇ ತಪ್ಪು ಬಲವಂತ. ತೀರ್ಥಹಳ್ಳಿ ಕಡೆ ಒಂದು ಹಳ್ಳಿಯ ಟೂರ್ನಿಗೆ ನಮ್ಮ ಹುಡುಗರ ತಂಡ ಹೋಗಿತ್ತು. ಇವನನ್ನೂ ಎಳೆದುಕೊಂಡು ಹೋದೆ. ಸಣ್ಣ ಮಳೆ. ಮೈದಾನದ ಅಂಚಿನ ಹುಲ್ಲಲ್ಲಿ ನಿಂತಿದ್ದವನ ಕಾಲಿಗೆ ಎರಡು ಉಂಬಳ (ಜಿಗಣೆ) ಹತ್ತಿ, ಸಾಕ್ಸ್ ರಕ್ತವಾದ ಮೇಲೆ ಅವನಿಗೆ ಗೊತ್ತಾಯಿತು. ನಮ್ಮ ತಂಡ ಮೊದಲ ರೌಂಡಿನಲ್ಲೇ ಪೆನಾಲ್ಟಿಯಲ್ಲಿ ಸೋತಿತು. ವಾಪಸ್ ಬರುವಾಗ ಮಂಡಗದ್ದೆ ದಾಟುವವರೆಗೂ ಮಾತಿಲ್ಲ. ಆಮೇಲೆ ಕೇಳಿದ: "ಅಪ್ಪಾ, ಇವರ ಮುಂದಿನ ಮ್ಯಾಚ್ ಯಾವಾಗ?" ನಾನು ಖುಷಿಯಲ್ಲಿ ಗಾಡಿ ನಿಧಾನ ಮಾಡಿ, "ಮುಂದಿನ ವರ್ಷ ಇರಬಹುದು" ಅಂದೆ. ಅವನು ನಕ್ಕುಬಿಟ್ಟ.

ಆ ನಗುವಿನಲ್ಲಿ ಒಂದು ದೊಡ್ಡ ವಿಷಯ ಇತ್ತು, ನನಗೆ ಹೊಳೆಯೋಕೆ ತಡವಾಯಿತು. ಅವನು ನೋಡುವ ಕ್ಲಬ್ಬಿಗೆ ವಾರವಾರ ಆಟ ಇದೆ, ಮೇಲೆ ಕೆಳಗೆ ಹೋಗುವ ಪಟ್ಟಿ ಇದೆ, ಸೋತರೂ ಮುಂದಿನ ಶನಿವಾರ ಇದೆ. ಬೆಂಗಳೂರಿನ ಮಕ್ಕಳು 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯನ್ನು ಅಷ್ಟು ಬೇಗ ತಮ್ಮದು ಅಂದುಕೊಂಡಿದ್ದಕ್ಕೆ ಸ್ಟಾರ್ ಆಟಗಾರ ಸುನಿಲ್ ಛೆಟ್ರಿ ಒಬ್ಬನೇ ಕಾರಣ ಅಲ್ಲ. ಸೀಸನ್ ಉದ್ದಕ್ಕೂ ಕಂಠೀರವ ಸ್ಟೇಡಿಯಂಗೆ ಮತ್ತೆ ಮತ್ತೆ ಹೋಗಬಹುದು, ಅದೇ ಸ್ಟ್ಯಾಂಡಿನಲ್ಲಿ ಅದೇ ಮುಖಗಳ ಪಕ್ಕ ನಿಲ್ಲಬಹುದು. ನಮ್ಮ ಕಡೆ ಊರ ತಂಡಕ್ಕೆ ಇರೋದು ನಾಕೌಟ್ ಟೂರ್ನಿ. ಸೋತರೆ ಗಂಟು ಕಟ್ಟು. ವರ್ಷಕ್ಕೆ ಎರಡು ಸಂಜೆ ಸಿಗುವ ತಂಡವನ್ನು ಮಗು ಪ್ರೀತಿಸಬೇಕು ಅಂದರೆ, ವರ್ಷಕ್ಕೆ ಎರಡು ಸಲ ಬರುವ ದೂರದ ಚಿಕ್ಕಪ್ಪನನ್ನು ಪ್ರೀತಿಸು ಅಂದ ಹಾಗೆ. ಬಂದಾಗ ಚಾಕ್ಲೇಟ್ ತೆಗೆದುಕೊಳ್ಳುತ್ತದೆ, ಅಷ್ಟೇ.

ಇನ್ನೊಂದು ಹೊಟ್ಟೆಯುರಿ ಇಲ್ಲೇ ಹೇಳಿಬಿಡುತ್ತೇನೆ. ಬಹುಮಾನದ ದುಡ್ಡು ಹೆಚ್ಚಾದ ಹಾಗೆ ಬಾಡಿಗೆ ಆಟಗಾರರು ಬಂದರು. ಬೋರ್ಡಿನ ಮೇಲೆ ನಮ್ಮ ಬೀದಿಯ ಹೆಸರು, ಮೈದಾನದಲ್ಲಿ ನಮ್ಮ ಬೀದಿಯವ ಒಬ್ಬನೂ ಇಲ್ಲ. ಬೆಳಿಗ್ಗೆ ಬಸ್ಸಲ್ಲಿ ಇಳಿದು ಸಂಜೆ ಬಸ್ ಹತ್ತುವವರು. ಒಂದು ವರ್ಷ ನಾವು ಹಾಗೆ ಆಡಿಸಿ ಕಪ್ ಕೂಡ ಗೆದ್ದೆವು. ಆ ಕಪ್ ಈಗ ಯಾರ ಮನೆಯಲ್ಲಿದೆ ಅಂತಲೂ ನನಗೆ ನೆನಪಿಲ್ಲ. ಸೋತ ಫೈನಲ್‌ಗಳು ಮಾತ್ರ ನಿಮಿಷ ನಿಮಿಷ ನೆನಪಿವೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಅವರ ಸ್ಕೂಲಿನ ಸೀನಿಯರ್ ಅಣ್ಣ ಆಡುವ ತಂಡಕ್ಕೇ ಕರೆದುಕೊಂಡು ಹೋಗಿ. ಆಟ ಕಳಪೆ ಇರಲಿ ಪರವಾಗಿಲ್ಲ.

ಈಗ ನಮ್ಮ ಮನೆಯಲ್ಲಿ ಗಾಳಿ ತಿರುಗಿದ್ದು ಹೇಗೆ ಅಂತ ಹೇಳ್ತೀನಿ. ಇದರಲ್ಲಿ ನನ್ನ ಜಾಣತನ ಏನೂ ಇಲ್ಲ.

2024ರ ಏಪ್ರಿಲ್. ಬೇಸಿಗೆ ರಜೆ. ಮಗ ಮೊಬೈಲ್ ಹಿಡಿದು ಬಂದು, "ಅಪ್ಪಾ, ಭದ್ರಾವತಿಯಲ್ಲಿ ಕಬ್ಬಿಣದ ಫ್ಯಾಕ್ಟರಿ ಅಲ್ವಾ?" ಅಂದ. ಹೌದು ಅಂದೆ. "ಹಾಗಾದ್ರೆ ಇದು ನೋಡು." ಸ್ಪೇನಿನ ಬಿಲ್ಬಾವೊ ಊರಿನ ವಿಡಿಯೊ. ಅಲ್ಲಿನ ಅಥ್ಲೆಟಿಕ್ ಕ್ಲಬ್ 40 ವರ್ಷದ ಮೇಲೆ ಸ್ಪೇನಿನ ದೊಡ್ಡ ನಾಕೌಟ್ ಕಪ್ ಕೋಪಾ ಡೆಲ್ ರೇ ಗೆದ್ದು, ಆಟಗಾರರೆಲ್ಲ ಒಂದು ದೋಣಿಯಲ್ಲಿ ನಿಂತು ಊರ ನಡುವಿನ ಹೊಳೆಯಲ್ಲಿ ಬರುತ್ತಿದ್ದಾರೆ, ಎರಡೂ ದಡದಲ್ಲಿ ಕೆಂಪು ಬಿಳಿ ಜನ. ಆ ದೋಣಿಗೆ ಗಬಾರ್ರಾ ಅಂತಾರಂತೆ, ಬಂದರಿನಲ್ಲಿ ಸರಕು ಸಾಗಿಸುವಂಥ ದೋಣಿ. 1983, 1984ರಲ್ಲಿ ಗೆದ್ದಾಗ ಅದರಲ್ಲೇ ಮೆರವಣಿಗೆ ಮಾಡಿದ್ದರು. ಆಮೇಲೆ ಅದು ಕಾಯುತ್ತಾ ಕೂತಿತ್ತು.

ಅವನಿಗೆ ಅವರ ವಿಷಯ ನನಗಿಂತ ಚೆನ್ನಾಗಿ ಗೊತ್ತಿತ್ತು. 1898ರಲ್ಲಿ ಶುರುವಾದ ಕ್ಲಬ್. ಅದಿರಿನ ಗಣಿ, ಕುಲುಮೆ, ಹಡಗು ಕಟ್ಟೆಯ ಊರು. ಇಂಗ್ಲೆಂಡಿನಿಂದ ಕೆಲಸಕ್ಕೆ ಬಂದವರು, ಅಲ್ಲಿಗೆ ಓದೋಕೆ ಹೋಗಿ ಬಂದ ಹುಡುಗರು ತಂದ ಆಟ. ಬಿಲ್ಬಾವೊ ಇರುವ ಬಾಸ್ಕ್ ನಾಡಿನಲ್ಲಿ ಹುಟ್ಟಿದವರು ಇಲ್ಲವೇ ಅಲ್ಲೇ ಆಟ ಕಲಿತವರು ಮಾತ್ರ ಆ ತಂಡಕ್ಕೆ ಆಡಬೇಕು. ಇಷ್ಟಾದರೂ ಸ್ಪೇನಿನ ಮೇಲಿನ ಲೀಗಿನಿಂದ ಒಂದು ಸಲವೂ ಕೆಳಗೆ ಬಿದ್ದಿಲ್ಲ, ಆ ಮಾತು ಹೇಳಬಲ್ಲ ಇನ್ನಿಬ್ಬರು ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಮಾತ್ರ. ಊರಿಗೆ ಅಂಟಿಕೊಂಡಿದ್ದ ದೊಡ್ಡ ಉಕ್ಕಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಒಂದು ಕುಲುಮೆಯನ್ನು ಮಾತ್ರ ಸ್ಮಾರಕ ಅಂತ ಉಳಿಸಿಕೊಂಡಿದ್ದಾರೆ. "ಫ್ಯಾಕ್ಟರಿ ಹೋಯ್ತು, ಟೀಮ್ ಇದೆ" ಅಂದ ಮಗ. ಆಮೇಲೆ, "ನಿಮ್ಮಲ್ಲಿ ಯಾಕೆ ಹಾಗಾಗಲಿಲ್ಲ?"

ನನ್ನ ಹತ್ತಿರ ಉತ್ತರ ಇತ್ತು, ಹೇಳೋಕೆ ಗಂಟಲು ಕಟ್ಟಿತು. ನಮ್ಮಲ್ಲಿ ಕೆಲಸ, ಮನೆ, ಮೈದಾನ, ತಂಡ ಎಲ್ಲ ಒಂದೇ ದಾರಕ್ಕೆ ಪೋಣಿಸಿದ್ದವು. ಭದ್ರಾವತಿಯ ಇನ್ನೊಂದು ದೊಡ್ಡ ಕಾರ್ಖಾನೆ, ಕಾಗದದ್ದು, ಅದರ ಯಂತ್ರ 2015ರಲ್ಲಿ ನಿಂತಿತು, ಕಬ್ಬಿಣದ ಕಾರ್ಖಾನೆ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಾ ಬಂತು. ಕ್ವಾರ್ಟರ್ಸ್ ಖಾಲಿಯಾದವು, ಮಕ್ಕಳು ಬೆಂಗಳೂರಿಗೆ, ಹೊಸೂರಿಗೆ ಹೋದರು. ದಾರ ಹರಿದರೆ ಮಣಿ ಎಲ್ಲಿ ನಿಲ್ಲುತ್ತೆ?

ಆದರೆ ಪ್ರಶ್ನೆ ಅವನದ್ದಾಗಿತ್ತು ನೋಡಿ. ಮೊದಲ ಸಲ ಅವನು ಕೇಳುತ್ತಿದ್ದ, ನಾನು ಹೇಳುತ್ತಿದ್ದೆ. ವಿದೇಶಿ ಕ್ಲಬ್ಬಿನ ಮೇಲೆ ನಾನು ಅಲ್ಲಿಯವರೆಗೆ ಉರಿದುಬಿದ್ದಿದ್ದೆಲ್ಲ ದಂಡ. ಆ ಬಾಗಿಲಿಂದಲೇ ಅವನು ಒಳಗೆ ಬಂದಿದ್ದು.

ಅದೇ ವರ್ಷ ಮಳೆ ಮುಗಿದ ಮೇಲೆ ನಮ್ಮ ಹಳೇ ಮೈದಾನದಲ್ಲಿ ಹುಡುಗರು ಒಂದು ಸಣ್ಣ ಟೂರ್ನಿ ಇಟ್ಟುಕೊಂಡರು. ಗೆರೆ ಹಾಕೋಕೆ ಜನ ಇಲ್ಲ ಅಂತ ನನಗೆ ಫೋನು. ಅಪ್ಪನ ಹಗ್ಗ ನನ್ನ ಹತ್ತಿರ ಇತ್ತು. ಈ ಹಗ್ಗದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು.

ನಾಲ್ಕು ಗಂಟು ಹಾಕಿದ ಹಗ್ಗ. ತುದಿಯಿಂದ 6 ಗಜಕ್ಕೆ ಒಂದು, 10ಕ್ಕೆ ಒಂದು, 12ಕ್ಕೆ, 18ಕ್ಕೆ. ಇಷ್ಟಿದ್ದರೆ ಗೋಲಿನ ಮುಂದಿನ ಎಲ್ಲ ಗೆರೆಯೂ ಬಂದುಬಿಡುತ್ತದೆ. 6 ಚಿಕ್ಕ ಪೆಟ್ಟಿಗೆಗೆ, 18 ದೊಡ್ಡ ಪೆಟ್ಟಿಗೆಗೆ, 12 ಪೆನಾಲ್ಟಿ ಚುಕ್ಕೆಗೆ, 10 ನಡುವಿನ ವೃತ್ತಕ್ಕೆ. ಮೊದಲು ನೂಲಿನ ಹಗ್ಗ ಇತ್ತಂತೆ. ಮಳೆಯಲ್ಲಿ ನೆನೆದು ಕುಗ್ಗಿ, ಒಂದು ವರ್ಷ ಪೆಟ್ಟಿಗೆಯೇ ಚಿಕ್ಕದಾಗಿ ಎದುರು ತಂಡದವರು ಜಗಳ ತೆಗೆದ ಮೇಲೆ ಅಪ್ಪ ನೀಲಿ ನೈಲಾನ್ ಹಗ್ಗಕ್ಕೆ ಬದಲಾಯಿಸಿದ್ದು. ಗೆರೆ ನೆಟ್ಟಗೆ ಮೂಲೆಮಟ್ಟಕ್ಕೆ ಬರೋಕೆ ಅವರದ್ದೊಂದು ಉಪಾಯ ಇತ್ತು. ಗೋಲಿನ ಎರಡು ಕಂಬದ ನಡುವೆ 8 ಗಜ. ಒಂದು ಕಂಬದಿಂದ ಮೈದಾನದ ಒಳಕ್ಕೆ 6ರ ಗಂಟು ಹಿಡಿ, ಇನ್ನೊಂದು ಕಂಬದಿಂದ ಓರೆಯಾಗಿ 10ರ ಗಂಟು ಹಿಡಿ. ಎರಡೂ ಬಿಗಿಯಾಗಿ ಎಲ್ಲಿ ಕೂಡುತ್ತವೋ ಅಲ್ಲಿ ಗೂಟ ಹೊಡಿ. ಕಣ್ಣು ಮುಚ್ಚಿ ಗೆರೆ ಎಳಿ, ಸೊಟ್ಟ ಆಗಲ್ಲ.

ಮಗನ ಕೈಗೆ ಹಗ್ಗದ ತುದಿ ಕೊಟ್ಟಿದ್ದು ಬೇರೆ ಯಾರೂ ಇರಲಿಲ್ಲ ಅಂತ, ಉಪದೇಶಕ್ಕಲ್ಲ. ಅವನು ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡು ಸಲ ಗಂಟು ನೋಡಿದ. "6, 8, 10. ಅಪ್ಪಾ, ಇದು ಪೈಥಾಗೊರಸ್!" ಏಳನೇ ಕ್ಲಾಸು ಓದಿದ ಅಜ್ಜನಿಗೆ ಪೈಥಾಗೊರಸ್ ಯಾರು ಅಂತ ಗೊತ್ತಿರಲಿಲ್ಲ, ಗಾರೆ ಮೇಸ್ತ್ರಿಯೊಬ್ಬರಿಂದ ಕಲಿತಿದ್ದರು ಅಷ್ಟೇ. ಅವನಿಗೆ ಅದು ತಲೆಗೆ ಹತ್ತಿಬಿಟ್ಟಿತು. ಇನ್ನೊಂದು ಕಡೆಯ ಗೋಲಿಗೆ ನಾನು ಕೈ ಹಾಕೋಕೆ ಬಿಡಲಿಲ್ಲ. ನಾವು ಹಿಂದಿನಿಂದಲೂ ದೊಡ್ಡ ಪೆಟ್ಟಿಗೆಯ ಮುಂದಿನ ಕಮಾನು ಹಾಕುತ್ತಲೇ ಇರಲಿಲ್ಲ, ಸುಣ್ಣ ದಂಡ ಅಂತ. ಅವನು ಒಪ್ಪಲಿಲ್ಲ. ಪೆನಾಲ್ಟಿ ಚುಕ್ಕೆಯಲ್ಲಿ ಗೂಟ ಇಟ್ಟು 10ರ ಗಂಟಿನಲ್ಲಿ ಎರಡೂ ಕಡೆ ಕಮಾನು ಬರೆದ. ಸಂಘಟಕರ ಹುಡುಗನೊಬ್ಬ, "ಇದೆಲ್ಲ ಯಾಕಪ್ಪಾ, ಟೈಮಾಯ್ತು" ಅಂದಿದ್ದಕ್ಕೆ ಅವನ ಜೊತೆ ಜಗಳಕ್ಕೇ ನಿಂತ. ನಾನು ದೂರ ಹೋಗಿ ಖಾರ ಮಂಡಕ್ಕಿ ತಿನ್ನುತ್ತಾ ನಿಂತೆ.

ಅವತ್ತು ಮಧ್ಯಾಹ್ನ ಮ್ಯಾಚ್ ಶುರುವಾದಾಗ ಅವನು ಕಾರಿನ ಕಡೆ ಹೋಗಲಿಲ್ಲ. ಆಟ ನೋಡಿದ್ದಕ್ಕಿಂತ ಗೆರೆ ನೋಡಿದ್ದೇ ಹೆಚ್ಚು. ಯಾರಾದರೂ ಕಾಲೆಳೆದು ಸುಣ್ಣ ಅಳಿಸಿದರೆ "ಛೆ!" ಅಂತಿದ್ದ. ಹಾಫ್ ಟೈಮಿಗೆ ಡಬ್ಬ ಹಿಡಿದು ಓಡಿದ. ಮೂರನೇ ಮ್ಯಾಚಿನ ಹೊತ್ತಿಗೆ ನಮ್ಮ ಗೋಲಿಯ ಹೆಸರು, ಎಡಗಾಲಲ್ಲಿ ಹೊಡೆಯುವ ಹುಡುಗನ ಹೆಸರು ಬಾಯಿಗೆ ಬಂದಿದ್ದವು. ಸೆಮಿಫೈನಲ್‌ನಲ್ಲಿ ಸೋತೆವು. ರೆಫ್ರಿ ಮೋಸ ಮಾಡಿದ ಅಂತ ರಾತ್ರಿ ಊಟದ ಹೊತ್ತಿಗೂ ಗೊಣಗಿದ. ನನ್ನ ಪ್ರಕಾರ ರೆಫ್ರಿ ಸರಿಯಾಗೇ ಕೊಟ್ಟಿದ್ದ, ಆದರೆ ಬಾಯಿ ಬಿಡಲಿಲ್ಲ.

ಅವನು ಈಗಲೂ ಬಿಲ್ಬಾವೊ ಆಟ ನೋಡುತ್ತಾನೆ. ಜರ್ಸಿ ಬೇಕು ಅಂತ ದುಂಬಾಲು ಬಿದ್ದಿದ್ದಾನೆ, ಕೊಡಿಸುತ್ತೇನೆ. ಊರ ತಂಡ ಬೇಕಾದರೆ ಅದನ್ನು ಬಿಡು ಅನ್ನುವ ಷರತ್ತು ಹಾಕಲೇಬೇಡಿ, ಹಾಕಿದರೆ ಸೋಲುವುದು ಊರ ತಂಡವೇ. ಮಗಳಿದ್ದರೆ ಅವಳನ್ನೂ ಕರೆದುಕೊಂಡು ಹೋಗಿ. ನಮ್ಮಕ್ಕನನ್ನು ಅಪ್ಪ ಒಂದು ದಿನವೂ ಕರೆದುಕೊಂಡು ಹೋಗಲಿಲ್ಲ, ಕಾಂಪೌಂಡಿನ ಮೇಲಿಂದ ಕೇಳಿಸಿದ ಕೂಗಿನಲ್ಲೇ ಯಾರು ಗೋಲು ಹೊಡೆದರು ಅಂತ ಹೇಳುತ್ತಿದ್ದಳು. ನಮ್ಮಲ್ಲಿ ಅಸಲಿ ಅಭಿಮಾನಿ ಅವಳೇ ಇದ್ದಳೇನೋ.

ನಿಮ್ಮ ಮಗನಿಗೆ ಹತ್ತು ವರ್ಷ ಅಂದಿರಿ. ಪೂರ್ತಿ ಮ್ಯಾಚ್ ಕೂರಿಸಬೇಡಿ. ಮ್ಯಾಚಿಗಿಂತ ಎರಡು ಗಂಟೆ ಮುಂಚೆ ಹೋಗಿ, ಸಂಘಟಕರಲ್ಲಿ ಪರಿಚಯದವರು ಯಾರಾದರೂ ಇದ್ದೇ ಇರುತ್ತಾರೆ, ಏನಾದರೂ ಕೆಲಸ ಕೇಳಿ. ನೆಟ್ ಕಟ್ಟೋದು, ಆಚೆ ಹೋದ ಚೆಂಡು ತರೋದು, ಸ್ಕೋರ್ ಬೋರ್ಡಿನ ನಂಬರ್ ಬದಲಿಸೋದು, ಯಾವುದಾದರೂ ಆದೀತು. ಸಾಧ್ಯವಾದರೆ ಅಭ್ಯಾಸಕ್ಕೂ ಕರೆದುಕೊಂಡು ಹೋಗಿ. ಟೂರ್ನಿ ವರ್ಷಕ್ಕೊಂದಾದರೂ ಹುಡುಗರ ಅಭ್ಯಾಸ ವಾರಕ್ಕೆ ಮೂರು ದಿನ ಇದ್ದೇ ಇರುತ್ತದೆ, ಆ 'ಮುಂದಿನ ಮ್ಯಾಚ್ ಯಾವಾಗ' ಪ್ರಶ್ನೆಗೆ ನನಗೆ ಸಿಕ್ಕಿದ ಉತ್ತರ ಅದೊಂದೇ.

ಗೆರೆ ಹಾಕುವ ಕೆಲಸವೇ ಸಿಕ್ಕಿದರೆ ಹಳೇ ಬಟ್ಟೆ ಹಾಕಿಸಿ, ಕಾಲಿಗೆ ಶೂ ಇರಲಿ, ಗಾಳಿ ಬೀಸುವ ಕಡೆಗೆ ಬೆನ್ನು ಮಾಡಿ ಸುಣ್ಣ ಉದುರಿಸೋಕೆ ಹೇಳಿ. ಕೈ ಉರಿ ಅಂದರೆ ಮೊದಲು ತುಂಬಾ ನೀರಲ್ಲಿ ತೊಳೆದು, ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ. ನಾನು ಮೊದಲ ಸಲ ತೊಳೆಯದೆ ಎಣ್ಣೆ ಹಚ್ಚಿ ಮಗನಿಂದಲೂ ಹೆಂಡತಿಯಿಂದಲೂ ಬೈಸಿಕೊಂಡಿದ್ದೇನೆ.