ಓದುಗರ ಪ್ರಶ್ನೆ: ಬಾಣದ ತೂಕ ಮೊದಲೋ, ಸ್ಪೈನ್ ಮೊದಲೋ?

ಪ್ರಶ್ನೆ: ನಮ್ಮ ಭಾವ ಅಮೆರಿಕದ ಟೆಕ್ಸಸ್‌ನಲ್ಲಿದ್ದಾರೆ. ಲೈಸೆನ್ಸ್ ಮಾಡಿಸಿಕೊಂಡು ಪ್ರತಿ ವರ್ಷ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುತ್ತಾರೆ. ಈ ಸಲ ನನ್ನನ್ನೂ ಕರೆದಿದ್ದಾರೆ. ಎಳೆಯೋಕೆ 60 ಪೌಂಡ್ ಬಲ ಬೇಕಾದ, ತುದಿಗಳಲ್ಲಿ ರಾಟೆ ಇರೋ ಕಾಂಪೌಂಡ್ ಬಿಲ್ಲು ಕೊಡ್ತಾರಂತೆ, ಬಾಣ ಮಾತ್ರ ನೀನೇ ಆರಿಸು ಅಂದಿದ್ದಾರೆ. ಒಬ್ಬರು ಹಗುರದ್ದು ತಗೋ, ಸ್ಪೀಡ್ ಜಾಸ್ತಿ ಅಂತಾರೆ. ಇನ್ನೊಬ್ಬರು ಭಾರದ್ದೇ ಬೇಕು ಅಂತಾರೆ. ಬಾಣದ ಮೇಲೆ 340, 400, 500 ಅಂತ ಇರುತ್ತಲ್ಲ, ನಂಬರ್ ಜಾಸ್ತಿ ಆದಷ್ಟೂ ಗಟ್ಟಿಯಾ? (ಕಲಬುರಗಿ)

ಉತ್ತರ: ಉಲ್ಟಾ. ನಂಬರ್ ಕಡಿಮೆ ಆದಷ್ಟೂ ಬಾಣ ಗಟ್ಟಿ. ಬಾಣದ ಕಡ್ಡಿಯನ್ನು 28 ಇಂಚು ಅಂತರದ ಎರಡು ಆಸರೆಗಳ ಮೇಲೆ ಮಲಗಿಸಿ, ನಟ್ಟನಡುವೆ 1.94 ಪೌಂಡ್, ಅಂದರೆ ಸುಮಾರು 880 ಗ್ರಾಂ ತೂಕ ತೂಗುಬಿಡುತ್ತಾರೆ. ಕಡ್ಡಿ ಎಷ್ಟು ಬಾಗಿತು ಅನ್ನೋದನ್ನು ಇಂಚಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಹೇಳಿದರೆ ಅದೇ ಸ್ಪೈನ್. 400 ಅಂದರೆ 0.400 ಇಂಚು, ಹತ್ತು ಮಿಲಿಮೀಟರ್‌ಗೆ ಸ್ವಲ್ಪ ಜಾಸ್ತಿ. 500 ಅಂದರೆ 12.7 ಮಿಲಿಮೀಟರ್. ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ: ಗೋಡೆ ಪಕ್ಕದ ಹಲಗೆಗೆ ಎರಡು ಮೊಳೆ ಹೊಡೆದು ಕಡ್ಡಿ ಇಡಿ, ಬಾಟಲಿ ಸೇರಿ 880 ಗ್ರಾಂ ಆಗುವಷ್ಟು ನೀರು ತುಂಬಿ ದಾರದಲ್ಲಿ ನಡುವೆ ಕಟ್ಟಿ, ಬಾಗಿದ್ದನ್ನು ಸ್ಕೇಲ್ ಹಿಡಿದು ಅಳೆಯಿರಿ. ಅಂಗಡಿಯವರು ಹೇಳಿದ ನಂಬರ್ ಸರಿಯೋ ತಪ್ಪೋ ಅಲ್ಲೇ ಗೊತ್ತಾಗುತ್ತೆ.

ಆದರೆ ಇದು ಬಾಣ ಸುಮ್ನೆ ಮಲಗಿದ್ದಾಗಿನ ಲೆಕ್ಕ. ಬಿಲ್ಲಿನಿಂದ ಹೊರಡುವಾಗ ಹಿಂದಿನಿಂದ ದಾರ ನೂಕುತ್ತೆ, ಮುಂದೆ ಮೊನೆಯ ಭಾರ ತಡೆಯುತ್ತೆ, ನಡುವೆ ಕಡ್ಡಿ ಬಾಗಿ ನಡುಗುತ್ತಾ ಹೋಗುತ್ತೆ. ಬಾಣ ಉದ್ದ ಆದಷ್ಟೂ, ಮೊನೆ ಭಾರ ಆದಷ್ಟೂ, ಬಿಲ್ಲಿನ ಪೌಂಡ್ ಏರಿದಷ್ಟೂ ಅದೇ ಕಡ್ಡಿ ಜಾಸ್ತಿ ಬಾಗುತ್ತೆ, ಮೆತ್ತಗಿನ ಬಾಣದ ಹಾಗೆ ನಡೆದುಕೊಳ್ಳುತ್ತೆ. ಅದಕ್ಕೇ ಭಾವನ ಬಾಣವನ್ನೇ ನೋಡಿಕೊಂಡು ಅದೇ ನಂಬರ್ ತರಬೇಡಿ. ಅವರ ತೋಳು ನಿಮಗಿಂತ ಎರಡು ಇಂಚು ಉದ್ದ ಇದ್ದರೆ ಲೆಕ್ಕವೇ ಬೇರೆ. ಮೊದಲು ನಿಮ್ಮ ಡ್ರಾ ಲೆಂತ್, ಅಂದರೆ ನೀವು ದಾರವನ್ನು ಪೂರ್ತಿ ಎಳೆದಾಗಿನ ಉದ್ದ, ಅಳೆಸಿ. 60 ಪೌಂಡ್ ಬಿಲ್ಲು, 28 ಇಂಚಿನ ಬಾಣ, 100 ಗ್ರೇನ್ (ಸುಮಾರು 6.5 ಗ್ರಾಂ) ಮೊನೆ ಆದರೆ ಸಾಮಾನ್ಯವಾಗಿ 400ರ ಸುತ್ತ ಬರುತ್ತೆ. ಬಾಣ 30 ಇಂಚು ಆದರೆ, ಅಥವಾ ಮುಂದೆ ಭಾರ ಏರಿಸಿದರೆ, 340ರ ಕಡೆ ಹೋಗಬೇಕು. ಕೊನೆಗೆ ಬಾಣದ ಕಂಪನಿಯ ಚಾರ್ಟ್‌ನಲ್ಲಿ ನಿಮ್ಮ ಪೌಂಡ್, ಉದ್ದ, ಮೊನೆ ಮೂರೂ ಹೊಂದಿಸಿ ನೋಡಿಯೇ ಕೊಳ್ಳಿ. ಎರಡು ನಂಬರ್‌ಗಳ ನಡುವೆ ಸಿಕ್ಕಿಕೊಂಡರೆ ಕಾಂಪೌಂಡ್‌ಗೆ ಗಟ್ಟಿಯದ್ದೇ ವಾಸಿ.

ಈಗ ತೂಕ. ಬಾಣದ ತೂಕವನ್ನು ಗ್ರೇನ್‌ನಲ್ಲಿ ಹೇಳುತ್ತಾರೆ, ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ. ಕಾಂಪೌಂಡ್‌ಗೆ ಬಿಲ್ಲಿನ ಪ್ರತಿ ಪೌಂಡ್‌ಗೆ 5 ಗ್ರೇನ್ ಕನಿಷ್ಠ ಅನ್ನೋದು ಸಾಮಾನ್ಯ ನಿಯಮ. ನಿಮ್ಮ 60ಕ್ಕೆ 300 ಗ್ರೇನ್. ಅದಕ್ಕಿಂತ ಹಗುರ ಆದರೆ ಬಾಣ ಇಲ್ಲದೇ ದಾರ ಬಿಟ್ಟ ಹಾಗೆ, ಬಾಣ ಹೊರದ ಶಕ್ತಿ ಬಿಲ್ಲಿನ ಬಾಗುವ ತೋಳುಗಳಿಗೇ ಬಡಿಯುತ್ತೆ, ಬಿಲ್ಲು ಸೀಳಿದರೆ ಮುಖಕ್ಕೇ. ಬೇಟೆಗೆ ನಾನು ಹೇಳೋದು ಪೌಂಡ್‌ಗೆ 7 ಗ್ರೇನ್ ಸುತ್ತಮುತ್ತ. ನಿಮಗೆ 420 ಗ್ರೇನ್, ಸುಮಾರು 27 ಗ್ರಾಂ.

ಸ್ಪೀಡ್ ವಾದಕ್ಕೆ ಲೆಕ್ಕ ಹಾಕೋಣ. ತೂಕವನ್ನು ವೇಗದ ವರ್ಗದಿಂದ ಗುಣಿಸಿ 4,50,240ರಿಂದ ಭಾಗಿಸಿದರೆ ಬಾಣದ ಶಕ್ತಿ ಫುಟ್-ಪೌಂಡ್‌ನಲ್ಲಿ ಬರುತ್ತೆ. 420 ಗ್ರೇನ್ ಬಾಣ ಸೆಕೆಂಡಿಗೆ 260 ಅಡಿ ಹೋದರೆ 63. ಹಗುರ ಮಾಡಿ 350 ಗ್ರೇನ್‌ಗೆ ಇಳಿಸಿದಿರಿ, 283 ಅಡಿ ಬಂತು ಅಂತಿಟ್ಟುಕೊಳ್ಳಿ, ಆಗ 62. ಲಾಭ ಎಲ್ಲಿ? ಒಳಗೆ ನುಗ್ಗೋ ಒತ್ತು ಅಂತೀವಲ್ಲ, ತೂಕ ಗುಣಿಸು ವೇಗ, ಅದರಲ್ಲಿ ಭಾರದ ಬಾಣವೇ ಶೇ 10ರಷ್ಟು ಮುಂದೆ. ಹಗುರ ಬಾಣದ ಲಾಭ ಇರೋದು ಕಡಿಮೆ ಇಳಿಯೋದರಲ್ಲಿ: ಈ ಎರಡರ ನಡುವೆ 20 ಗಜಕ್ಕೆ ಒಂದೂವರೆ ಇಂಚು, 30 ಗಜಕ್ಕೆ ಮೂರೂವರೆ ಇಂಚು ವ್ಯತ್ಯಾಸ. ಬಿಲ್ಲಿನ ಮೇಲೆ ಗುರಿ ನೋಡೋ ಸೈಟ್ ಪಿನ್ ಸರಿ ಮಾಡಿಕೊಂಡರೆ ಅದೂ ಮುಗೀತು. ಬಾಣ ತಯಾರಿಸೋ ಈಸ್ಟನ್ ಕಂಪನಿ ಜಿಂಕೆಗೆ 25ರಿಂದ 41 ಫುಟ್-ಪೌಂಡ್ ಸಾಕು ಅನ್ನುತ್ತೆ, ಕಾಡುಹಂದಿಗೆ 42ರಿಂದ 65. ಅಂದಮೇಲೆ ನಿಮ್ಮ ಬಿಲ್ಲಿಗೆ ಶಕ್ತಿಯ ಬಡತನ ಇಲ್ಲ.

ಇನ್ನೊಂದು ವಿಷಯ. ಅಲ್ಲಿನ ಬಿಳಿಬಾಲದ ಜಿಂಕೆ ದಾರದ ಸದ್ದಿಗೇ ಥಟ್ಟನೆ ಮೈ ತಗ್ಗಿಸುತ್ತೆ. ಸದ್ದು ಸೆಕೆಂಡಿಗೆ ಸುಮಾರು 1,125 ಅಡಿ ಹೋಗುತ್ತೆ, ನಿಮ್ಮ ಯಾವ ಬಾಣವೂ ಅದನ್ನು ಹಿಂದೆ ಹಾಕಲ್ಲ. ಭಾರದ ಬಾಣ ಹಾಕಿದರೆ ಬಿಲ್ಲು ಕಡಿಮೆ ಸದ್ದು ಮಾಡುತ್ತೆ. 283ರ ಮೋಹ ಬಿಡೋಕೆ ನನಗೆ ಇದೊಂದೇ ಕಾರಣ ಸಾಕು. ಹಾಗಂತ ಬಾಣ ಎಷ್ಟು ಆಳ ನುಗ್ಗುತ್ತೆ ಅಂತ ಪರೀಕ್ಷೆ ಮಾಡಿದ ಎಡ್ ಆ್ಯಶ್ಬಿ ಅವರ 650 ಗ್ರೇನ್ ಲೆಕ್ಕ ಓದಿಬಿಟ್ಟು ಅದರ ಹಿಂದೆ ಬೀಳಬೇಡಿ, ಅದು ದಪ್ಪ ಮೂಳೆ ಒಡೆದು ಹೋಗೋ ಮಾತು. ಜಿಂಕೆಗೆ ಅಷ್ಟೆಲ್ಲ ಯಾಕೆ?

ಮುಂಭಾರ ಒಟ್ಟು ಉದ್ದದ ಶೇ 10ರಿಂದ 15 ಇರಲಿ. ಬಾಣ ಬೆರಳ ಮೇಲೆ ಸಮತೂಗುವ ಜಾಗ ನಡುವಿನಿಂದ ಎಷ್ಟು ಮುಂದಿದೆ ಅಂತ ಅಳೆದು, ಉದ್ದದಿಂದ ಭಾಗಿಸಿದರೆ ಸಿಗುತ್ತೆ. ಹನ್ನೆರಡೂ ಬಾಣಗಳನ್ನು ತೂಗಿಸಿ, ಸರಾಫ ಬಜಾರ್‌ನಲ್ಲಿ ಬಂಗಾರ ತೂಗೋ ತಕ್ಕಡಿಗಿಂತ ಒಳ್ಳೆಯದು ನಿಮಗೆ ಬೇಕಿಲ್ಲ. ಒಂದೆರಡು ಗ್ರೇನ್ ಹೆಚ್ಚುಕಮ್ಮಿ ಬಿಡಿ, ಹತ್ತು ಗ್ರೇನ್ ಜಾಸ್ತಿ ಇರೋದನ್ನು ಪಕ್ಕಕ್ಕಿಡಿ. ಬೇಟೆಯ ಅಲಗಿನ ಮೊನೆಯನ್ನು ಹೋಗೋ ಮುಂಚೆ ಅಲ್ಲೇ ಗುರಿಗೆ ಹೊಡೆದು ನೋಡಿ. ಸ್ಪೈನ್ ತಪ್ಪಿದ್ದರೆ ಅಭ್ಯಾಸದ ಮೊನೆ ಒಂದು ಕಡೆ, ಅಲಗು ಇನ್ನೊಂದು ಕಡೆ ಹೋಗುತ್ತೆ. ಓರೆಯಾಗಿ ಹೋದ ಬಾಣದ ಶಕ್ತಿ ಕಡ್ಡಿ ಅಲ್ಲಾಡೋದರಲ್ಲೇ ಕಳೆದುಹೋಗುತ್ತೆ, ಪ್ರಾಣಿ ಗಾಯಗೊಂಡು ನರಳುತ್ತೆ. ಅದಕ್ಕೇ ನನ್ನ ಮಾತು: ಮೊದಲು ಸ್ಪೈನ್, ಆಮೇಲೆ ತೂಕ. ಅಂದಹಾಗೆ ಟೆಕ್ಸಸ್‌ನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಅದರ ನಂತರ ಹುಟ್ಟಿದವರಿಗೆ ಬೇಟೆಯ ಶಿಕ್ಷಣದ ಕೋರ್ಸ್ ಇದೆ, ಹೊರಗಿನವರ ಲೈಸೆನ್ಸೂ ಬೇರೆ. ಎರಡನ್ನೂ ಭಾವನಿಗೆ ಈಗಲೇ ಕೇಳಿ.

ಪ್ರಶ್ನೆ: ನಮ್ಮ ಹೊಲದ ತೊಗರಿಗೆ ಚಿಗರಿ ಬೀಳ್ತವೆ, ಶೇಂಗಾಕ್ಕೆ ಹಂದಿ. ಗುಂಡು ಹಾರಿಸಿದರೆ ತಾನೇ ಕೇಸು? ಬಿಲ್ಲಿನಿಂದ ಹೊಡೆದರೆ ನಡೆಯುತ್ತಾ? ಎಂಥ ಬಾಣ ಬೇಕು? (ಭಾಲ್ಕಿ ತಾಲ್ಲೂಕು)

ಉತ್ತರ: ನಡೆಯಲ್ಲ. 1972ರ ವನ್ಯಜೀವಿ ಕಾಯ್ದೆ ಬಂದೂಕು, ಬಿಲ್ಲು, ಉರುಲು ಅಂತ ಬೇರೆ ಮಾಡಲ್ಲ. ಹೊಡೆಯೋ ಪ್ರಯತ್ನವೂ ಬೇಟೆಯೇ. ಚಿಗರಿ, ಅಂದರೆ ಕೃಷ್ಣಮೃಗ, ಮೊದಲ ಅನುಸೂಚಿಯಲ್ಲಿದೆ: 3ರಿಂದ 7 ವರ್ಷ ಜೈಲು, 2022ರ ತಿದ್ದುಪಡಿ ಪ್ರಕಾರ ಕನಿಷ್ಠ 25,000 ರೂಪಾಯಿ ದಂಡ. ಹಂದಿಯದ್ದೂ ನಿಮ್ಮ ನಿರ್ಧಾರ ಅಲ್ಲ, ಇಲಾಖೆಯ ಬರವಣಿಗೆಯ ಅನುಮತಿ ಬೇಕು. ಬೆಳೆ ಹಾಳಾದ ತಕ್ಷಣ ಫೋಟೊ ತೆಗೆದು ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ಒಂದೇ ರಾತ್ರಿಗೆ ಶೇಂಗಾ ಬುಡಮೇಲು ಆದರೆ ಯಾರಿಗಾದರೂ ಹೊಟ್ಟೆ ಉರಿಯುತ್ತೆ. ಬಾಣದ ಸಲಹೆ ಮಾತ್ರ ಕೊಡಲಾರೆ.

ಪ್ರಶ್ನೆ: 30 ಪೌಂಡ್ ರಿಕರ್ವ್ (ತುದಿಗಳು ಮುಂದಕ್ಕೆ ಬಾಗಿದ) ಬಿಲ್ಲು ಹಿಡಿದು ಕಲಿಯುತ್ತಿದ್ದೇನೆ. ಬಲಗೈಯವನು. ಗೆಳೆಯ ಕೊಟ್ಟ 500ರ ಬಾಣಗಳು ಸದಾ ಎಡಕ್ಕೇ ಹೋಗುತ್ತವೆ. ಕೋಚ್ ಕೈ ಸರಿಮಾಡು ಅಂತಾರೆ. (ಶಹಾಪುರ)

ಉತ್ತರ: ಕೈ ಆಮೇಲೆ ನೋಡೋಣ, 30 ಪೌಂಡ್‌ಗೆ 500 ಬಹಳ ಗಟ್ಟಿ. ಒಂದು ಬಾಣದ ಗರಿ ಕಿತ್ತು, 18 ಮೀಟರ್‌ನಿಂದ ಗರಿ ಇರೋ ಮೂರು, ಇಲ್ಲದ್ದು ಒಂದು ಹೊಡೆಯಿರಿ. ಬಲಗೈಯವರಿಗೆ ಗರಿಯಿಲ್ಲದ್ದು ಎಡಕ್ಕೆ ಬಿದ್ದರೆ ಬಾಣ ಗಟ್ಟಿ, ಬಲಕ್ಕೆ ಬಿದ್ದರೆ ಮೆತ್ತಗೆ. ನಿಮ್ಮದು ಎಡಕ್ಕೇ ಬೀಳುತ್ತೆ ಅಂತ ನನಗೆ ಹೆಚ್ಚುಕಮ್ಮಿ ಖಾತ್ರಿ. ಭಾರದ ಮೊನೆ ಹಾಕಿ ಸ್ವಲ್ಪ ಮೆತ್ತಗೆ ಮಾಡಬಹುದು, ಆದರೆ ಈ ಅಂತರಕ್ಕೆ ಅದು ಸಾಲದು. ಉದ್ದ ನೋಡಿಕೊಂಡು 700ರಿಂದ 900ರ ಒಳಗಿನದು ತಗೊಳ್ಳಿ. ಗೆಳೆಯನ ಬಿಲ್ಲು ಎಷ್ಟು ಪೌಂಡ್ ಅಂತ ಕೇಳಿದಿರಾ?

ಪ್ರಶ್ನೆ: ಬಿದಿರಿನ ಬಿಲ್ಲಿಗೆ ಕಾರ್ಬನ್ ಬಾಣ ಆಗುತ್ತಾ? (ಬೀದರ್)

ಉತ್ತರ: ಆಗುತ್ತೆ, ಮೆತ್ತಗಿನದ್ದು ಆಗಬೇಕು. ಬಿದಿರಿನ ಬಿಲ್ಲಿನ ಹಿಡಿಯಲ್ಲಿ ಬಾಣಕ್ಕೆ ಕಿಂಡಿ ಕೊರೆದಿರಲ್ಲ, ಬಾಣ ಹಿಡಿಯನ್ನು ಬಳಸಿಕೊಂಡು ಬಾಗಿಯೇ ಹೋಗಬೇಕು, ಗಟ್ಟಿ ಆದರೆ ಪಕ್ಕಕ್ಕೆ ಚಿಮ್ಮುತ್ತೆ. ತೂಕ ಪೌಂಡ್‌ಗೆ 8ರಿಂದ 10 ಗ್ರೇನ್ ಇರಲಿ.

ಪ್ರಶ್ನೆ: ಬೇಸಿಗೆಯಲ್ಲಿ ಕಾರಿನಲ್ಲಿಟ್ಟ ಬಾಣದ ಮೊನೆಗಳು ಗುರಿಯಲ್ಲೇ ಉಳಿದು ಕಡ್ಡಿ ಮಾತ್ರ ಕೈಗೆ ಬರುತ್ತಿದೆ. (ಸೇಡಂ)

ಉತ್ತರ: ಮೊನೆ ಕೂರಿಸಿದ್ದು ಬಿಸಿಗೆ ಕರಗೋ ಅಂಟಿನಲ್ಲಿ. ಏಪ್ರಿಲ್-ಮೇ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಅದು ಸಡಿಲ ಆಗುತ್ತೆ. ಎಪಾಕ್ಸಿಯಲ್ಲಿ ಮತ್ತೆ ಕೂರಿಸಿ, ಕಾರಲ್ಲಿ ಬಿಡಬೇಡಿ. ಹೊಡೆಯೋ ಮುಂಚೆ ಪ್ರತಿ ಕಾರ್ಬನ್ ಕಡ್ಡಿಯನ್ನೂ ಎರಡು ಕೈಲಿ ಹಿಡಿದು ನಿಧಾನ ಬಾಗಿಸಿ, ತಿರುಗಿಸಿ, ಮತ್ತೆ ಬಾಗಿಸಿ. ಚಿಟ್ ಅಂತ ಸದ್ದು ಬಂದರೆ ಆ ಬಾಣ ಮುರಿದು ಕಸಕ್ಕೆ ಹಾಕಿ.