ಊರ ಮಗ್ಗಲಿನ ಚಿಂಪಾಂಜಿ

ಪ್ರಶ್ನೆ: ನಮ್ಮ ಕಬ್ಬಿಗೆ, ಹಲಸಿಗೆ ಮಂಗ್ಯಾಗಳ ಕಾಟ ಭಾಳ. ಚಿಂಪಾಂಜಿ, ಒರಾಂಗುಟಾನ್‌ನೂ ಹಿಂಗ ಊರ ಮಗ್ಗಲ ಬದುಕತಾವೇನ್ರಿ?
– ಓದುಗರು, ಖಾನಾಪುರ, ಬೆಳಗಾವಿ ಜಿಲ್ಲೆ

ಉತ್ತರ: ಬದುಕುತ್ತವೆ, ಆದರೆ ಬಹಳ ಕಷ್ಟದಲ್ಲಿ. ಬಾಲವಿಲ್ಲದ ಈ ಮಹಾವಾನರಗಳು ನಮ್ಮ ದೇಶದ ಕಾಡಿನಲ್ಲಿಲ್ಲ. ಉಗಾಂಡಾದ ಬುಲಿಂಡಿಯಲ್ಲಿ ಹೊಲಗಳ ನಡುವೆ ಉಳಿದ ಕಾಡಿನ ತುಂಡುಗಳಲ್ಲಿ ಚಿಂಪಾಂಜಿಗಳಿವೆ. ಕಾಡಿನ ಹಣ್ಣು ಸಾಲದಾದಾಗ ಹಿತ್ತಲಿನ ಹಲಸು, ಮಾವು ತಿನ್ನುತ್ತವೆ. ಗಿನಿ ದೇಶದ ಬೊಸ್ಸೂವಿನಲ್ಲಿ ರಸ್ತೆ ದಾಟುವಾಗ ಬಲಿತ ಗಂಡುಗಳು ಮುಂದೊಂದು, ಹಿಂದೊಂದು ಕಾವಲು ನಿಂತು ಮರಿಗಳನ್ನೂ ತಾಯಂದಿರನ್ನೂ ನಡುವೆ ಕಳಿಸುತ್ತಿದ್ದವು. ಬೇಟೆಗಾರರು ಉರುಲಿಗೆ ಬಗ್ಗಿಸಿ ಕಟ್ಟಿದ ಕೋಲನ್ನು ಚಿಂಪಾಂಜಿಗಳು ಹಿಡಿದು ಜೋರಾಗಿ ಅಲುಗಾಡಿಸಿ ಮುರಿಯುವುದನ್ನೂ ಅಲ್ಲಿ ಕಂಡಿದ್ದಾರೆ. ಎಂಥ ಜಾಣ್ಮೆ!

ಜಾಣ್ಮೆಯೊಂದೇ ಸಾಲದು. ನಮ್ಮ ನೆಗಡಿ, ಕೆಮ್ಮು ಅವಕ್ಕೂ ಅಂಟುತ್ತದೆ; 2003ರಲ್ಲಿ ಬೊಸ್ಸೂವಿನ ಪುಟ್ಟ ಗುಂಪಿನಲ್ಲಿ ಉಸಿರಾಟದ ರೋಗಕ್ಕೆ 5 ಚಿಂಪಾಂಜಿಗಳು ಸತ್ತವು. ಚಿಂಪಾಂಜಿ ಮರಿ ಹಾಕುವುದು ಸುಮಾರು 5–6 ವರ್ಷಕ್ಕೊಮ್ಮೆ, ಒರಾಂಗುಟಾನ್ 7–8 ವರ್ಷಕ್ಕೊಮ್ಮೆ. ಹೋದದ್ದು ಬೇಗ ತುಂಬಿಬರುವುದಿಲ್ಲ.

ಆಗ್ನೇಯ ಏಷ್ಯಾದ ಬೋರ್ನಿಯೋ ದ್ವೀಪದ ಕಿನಬಟಾಂಗನ್ ನದಿಯ ಬಯಲಿನಲ್ಲಿ ತೊಂದರೆ ಬೇರೆ. ಒರಾಂಗುಟಾನ್‌ಗೆ ಈಜು ಬರದು. ಹಳ್ಳದ ಎರಡೂ ದಡದ ಹೆಮ್ಮರಗಳ ಕೊಂಬೆ ಕೂಡಿದ್ದರೆ ಮೇಲಿಂದಲೇ ದಾಟುತ್ತಿತ್ತು. ಮರ ಕಡಿದ ಮೇಲೆ ದಾರಿ ಕಡಿಯಿತು. ಅದಕ್ಕೇ ಅಗ್ನಿಶಾಮಕದ ಹಳೆ ಪೈಪುಗಳನ್ನು ಹೆಣೆದು ತೂಗುಸೇತುವೆ ಕಟ್ಟಿದ್ದಾರೆ.

ಜನರಿಗೂ ಅಪಾಯವಿದೆ, ಅದನ್ನು ಮುಚ್ಚಿಡಬಾರದು. ಕಾಡಂಚಿನ ತೊರೆಗೆ ನೀರಿಗೆ ಹೋದ ಮಕ್ಕಳ ಮೇಲೆ ಬುಲಿಂಡಿಯಲ್ಲಿ ಚಿಂಪಾಂಜಿಗಳು ಎರಗಿದ್ದುಂಟು. ಕಲ್ಲೆಸೆದು, ನಾಯಿ ಬಿಟ್ಟು ಓಡಿಸಿದರೆ ಅವು ಇನ್ನಷ್ಟು ಕೆರಳುತ್ತವೆ. ಊರೊಳಗೇ ಕೊಳವೆಬಾವಿ ಕೊರೆಸಿದರೆ ಮಕ್ಕಳು ತೊರೆಗೆ ಹೋಗುವುದು ತಪ್ಪುತ್ತದೆ.