ಈಜು ಬಾರದ ಮಗಳನ್ನು ದಾಂಡೇಲಿ ಕ್ಯಾಂಪಿಗೆ ಕಳಿಸಬಹುದಾ?

14 ವರ್ಷದ ಮಗಳಿಗೆ ಈಜು ಬರಲ್ಲ, ಒಂದು ವಾರದ ದಾಂಡೇಲಿ ಕ್ಯಾಂಪಿಗೆ ಕಳಿಸಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕಳಿಸಿ. ನನ್ನ ಮಗನಿಗೂ ಬರುತ್ತಿರಲಿಲ್ಲ.

ಅಲ್ಲಿ ಕಾಳಿ ನದಿಯಲ್ಲಿ ರಾಫ್ಟಿಂಗ್, ಅಂದ್ರೆ ಗಾಳಿ ತುಂಬಿದ ರಬ್ಬರ್ ದೋಣಿಯ ಸವಾರಿ ಇರುತ್ತದೆ. ಅದಕ್ಕೆ ಮುಂಚೆ ಲೈಫ್ ಜಾಕೆಟ್ಟಿನ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆದು ನೋಡಬೇಕು. ಕಿವಿ ತನಕ ಬಂತು ಅಂದ್ರೆ ಸಡಿಲ ಅಂತ ಅರ್ಥ. ಇದನ್ನು ಮಗಳಿಗೆ ಮನೆಯಲ್ಲೇ ಹೇಳಿಕೊಡಿ. ನೀರಿಗೆ ಬಿದ್ದರೆ ನಿಲ್ಲೋಕೆ ಹೋಗಬಾರದು, ಕಲ್ಲಿನ ಸಂದಿಗೆ ಪಾದ ಸಿಕ್ಕಿಕೊಳ್ಳುತ್ತದೆ. ಅಂಗಾತ ತೇಲುತ್ತಾ ಕಾಲು ಮುಂದಕ್ಕೆ ಚಾಚಬೇಕು.

ಕಾಳಿ ನದಿಯ ಹರಿವು ಸೂಪಾ ಅಣೆಕಟ್ಟಿನಿಂದ ಬಿಡೋ ನೀರಿನ ಮೇಲೆ ನಿಂತಿದೆ. ರಾಫ್ಟಿಂಗ್ ದಿನ ಬದಲಾದರೆ ಸುಮ್ನೆ ಗಾಬರಿಯಾಗಬೇಡಿ.

ಜೀನ್ಸ್ ಬೇಡ, ಒಣಗೋದೇ ಇಲ್ಲ. ಹವಾಯಿ ಚಪ್ಪಲಿಯೂ ಬೇಡ, ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಕೊಡಿ. ನಮ್ಮವನ ಒಂದು ಚಪ್ಪಲಿ ಇನ್ನೂ ಕಾಳಿಯಲ್ಲೇ ಇದೆ!